ಹಿತ್ತಲಲ್ಲಿ ಫೈರ್ ಪಿಟ್ ಕಟ್ಟಿಸುವ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಫೋಟೋಗಳನ್ನೆಲ್ಲ ನೋಡಿದೆ. ಚಿಮಣಿ ಇರುವ ಕಲ್ಲಿನ ಅಗ್ಗಿಷ್ಟಿಕೆಯೋ, ದುಂಡನೆಯ ಗಿಡ್ಡ ಗೋಡೆಯೊಳಗೆ ಬೆಂಕಿ ಹಾಕುವ ಫೈರ್ ಪಿಟ್ಟೋ ಅಂತ ಕೇಳಿದ್ದೀಯ. ದುಂಡನೆಯದು ಸಾಕು ಕಣೋ. ಮೈಸೂರಿನ ಚಳಿ ಅಂದರೆ ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ಸಾಮಾನ್ಯವಾಗಿ 15-16 ಡಿಗ್ರಿ. ಶಿವರಾತ್ರಿಗೆ ಅದೂ ಶಿವಶಿವಾ ಅಂತ ಹೊರಟುಹೋಗುತ್ತದೆ. ಉಳಿದ ತಿಂಗಳೆಲ್ಲ ನೀನು ಕಟ್ಟಿಸಿದ್ದು ಬಿಸಿಲಿಗೂ ಮಳೆಗೂ ಮೈಯೊಡ್ಡಿ ಸುಮ್ಮನೆ ಕೂತಿರುತ್ತದೆ, ಹಾಳಾಗುವುದೂ ಆಗಲೇ. ನಮ್ಮ ಕಡೆ ಇಂಥವು ಬಿರುಕು ಬಿಡುವುದಕ್ಕೆ ಬೆಂಕಿಯಷ್ಟೇ ದೊಡ್ಡ ಕಾರಣ ಒಳಗೆ ನಿಂತ ನೀರು. ಹೊಗೆ ಕಾರುವುದಕ್ಕೆ ಕಾರಣ ಹಸಿ ಸೌದೆ ಮತ್ತು ಬುಡದಲ್ಲಿ ಗಾಳಿ ಆಡದಿರುವುದು. ದುಡ್ಡು ಖರ್ಚು ಮಾಡುವುದಾದರೆ ಈ ನೀರು-ಗಾಳಿಗಳ ದಾರಿಗೆ ಮಾಡು. ಮೇಲಿನ ಕಲ್ಲಿನ ಅಂದ ಆಮೇಲೆ ನೋಡಿಕೊಳ್ಳೋಣ.

ಚಿಮಣಿಯದ್ದೇ ಬೇಕು ಅಂತ ಮನೆಯಲ್ಲಿ ಹಟ ಹಿಡಿದರೆ ಒಂದು ಲೆಕ್ಕ ಹೇಳು. ಹೊಗೆ ಹೋಗುವ ಕೊಳವೆಯ ಒಳ ವಿಸ್ತೀರ್ಣ, ಎದುರಿನ ಬಾಯಿಯ ವಿಸ್ತೀರ್ಣದ ಹತ್ತನೇ ಒಂದು ಭಾಗವಾದರೂ ಇರಬೇಕು. ಬಾಯಿ 30 ಇಂಚು ಅಗಲ, 27 ಇಂಚು ಎತ್ತರ ಅಂದರೆ 810 ಚದರ ಇಂಚು. ಕೊಳವೆ 9×9 ಇಂಚಿಗಿಂತ ಕಡಿಮೆ ಆಗುವಂತಿಲ್ಲ. ಹಿತ್ತಲಿನ ಚಿಮಣಿ ಗಿಡ್ಡ, ಸೆಳೆತ ಕಮ್ಮಿ, ಹಾಗಾಗಿ 10×10 ಇಡುವುದು ಒಳ್ಳೆಯದು. ಬೆಂಕಿಗೂಡು ಆಳ ಇರಬಾರದು, ಪಕ್ಕದ ಗೋಡೆಗಳು ಹೊರಕ್ಕೆ ಓರೆಯಾಗಿ ತೆರೆದುಕೊಂಡಿರಬೇಕು. ಹಾಗಿದ್ದರೇ ಕಾವು ಕೂತವರ ಕಡೆ ಬರುವುದು. ವಿಜ್ಞಾನಿ ಕೌಂಟ್ ರಮ್‌ಫರ್ಡ್ 1796ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಇದೆಲ್ಲ ಸೇರಿ ಟನ್ನುಗಟ್ಟಲೆ ಭಾರ ಆಗುತ್ತದೆ, ಅದಕ್ಕೆ ತಕ್ಕ ಪಾಯ ಬೇಕು. ವರ್ಷಕ್ಕೆ ಮೂರು ತಿಂಗಳ ಸುಖಕ್ಕೆ ಇದು ಅತಿಯಾಯಿತು ಅನ್ನುವುದು ನನ್ನ ಅಭಿಪ್ರಾಯ.

ಗ್ಯಾಸಿನದೂ ಬೇಡ. 17 ಕಿಲೋವ್ಯಾಟಿನ ಬರ್ನರ್ ಗಂಟೆಗೆ ಹತ್ತಿರ ಹತ್ತಿರ 1.3 ಕೆಜಿ ಕುಡಿಯುತ್ತದೆ. ಮನೆಯ ಅಡುಗೆ ಸಿಲಿಂಡರನ್ನು ಅದಕ್ಕೆ ಹಾಕುವಂತಿಲ್ಲ, 19 ಕೆಜಿಯ ಕಮರ್ಷಿಯಲ್ಲೇ ತರಬೇಕು. ಮೇಲಾಗಿ ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಹೋಗಿ ಕೂರುವುದು ಗುಂಡಿಯೊಳಗೇ.

ಈಗ ಜಾಗ. 30×40 ಸೈಟಿನವರು ಕೇಳಿದ್ದರೆ ಕಟ್ಟಬೇಡಿ, ಕಬ್ಬಿಣದ ಬಾಣಲೆ ತರಹದ್ದು ಮಾಡಿಸಿ ಬೇಕಾದಾಗ ಹೊರಗಿಡಿ ಅನ್ನುತ್ತಿದ್ದೆ. 3 ಎಂಎಂಗಿಂತ ತೆಳು ತಗಡು ಬೇಡ, ಸೊಟ್ಟಗಾಗುತ್ತದೆ. ಸತು ಲೇಪಿಸಿದ ಜಿಐ ಶೀಟಂತೂ ಬೇಡವೇ ಬೇಡ, ಅದರ ಸತುವು ಕರಗುವುದು ಸುಮಾರು 420 ಡಿಗ್ರಿಗೆ, ಬೆಂಕಿಯಲ್ಲಿ ಕೆಟ್ಟ ಹೊಗೆ ಬರುತ್ತದೆ. ತಾರಸಿ ಮೇಲೆ ಕಟ್ಟುವ ಆಸೆಯನ್ನೂ ಬಿಡಬೇಕು, ಕಾವಿಗೆ ವಾಟರ್‌ಪ್ರೂಫಿಂಗ್ ಮೊದಲು ಹೋಗುತ್ತದೆ. ನಿನ್ನದು 50×80, ಹಿಂದೆ 25 ಅಡಿ ಖಾಲಿ ಇದೆ, ಸರಿ. ಪಿಟ್ಟಿನ ಹೊರ ಅಂಚಿನಿಂದ ಮನೆ ಗೋಡೆಗೆ, ಕಾಂಪೌಂಡಿಗೆ, ಸೌದೆ ರಾಶಿಗೆ 10 ಅಡಿ ಬಿಡು. ತೆಂಗಿನ ಮರದ ಕಾಂಡದಿಂದ ಅಳೆಯಬೇಡ. ಗರಿಯ ತುದಿ ಎಲ್ಲಿಗೆ ಬರುತ್ತದೋ ಅಲ್ಲಿಂದ ಅಳೆ, ಒಣಗರಿ ಯಾವಾಗ ಬೀಳುತ್ತದೆ ಅಂತ ಹೇಳಿಕೇಳಿ ಬೀಳುವುದಿಲ್ಲ. ಕೆಳಗೆ ಸಂಪು, ಯುಜಿಡಿ (ಒಳಚರಂಡಿ) ಪೈಪು, ಬೋರ್‌ವೆಲ್ ಕೇಬಲ್ ಹಾದುಹೋಗಿಲ್ಲ ಅಂತ ಖಾತ್ರಿ ಮಾಡಿಕೊ. ಬೆಂಕಿ ಉರಿಸುವ ತಿಂಗಳುಗಳಲ್ಲಿ ನಮ್ಮಲ್ಲಿ ಹೆಚ್ಚಾಗಿ ಮೂಡಣ, ಈಶಾನ್ಯದ ಗಾಳಿ. ಅಮ್ಮ ಆಗ್ನೇಯ ಮೂಲೆಯಲ್ಲೇ ಇರಲಿ ಅಂದರೆ ವಾದಕ್ಕಿಳಿಯಬೇಡ. ಮನೆಗೆ ಆಗ್ನೇಯದಲ್ಲಿದ್ದರೆ ಈಶಾನ್ಯದ ಗಾಳಿಗೆ ಹೊಗೆ ಮನೆಯ ಕಡೆ ತಿರುಗುವುದಿಲ್ಲ. ಪಕ್ಕದ ಮನೆಯ ಕಿಟಕಿ ಆ ದಿಕ್ಕಿಗೆ ಇದೆಯೋ ಅದನ್ನು ಮಾತ್ರ ನೋಡಿಕೊ.

ಅಳತೆ ಹೀಗೆ. ಒಳಗೆ 36 ಇಂಚು ವ್ಯಾಸ, ಹೊರಗೆ 53 ಇಂಚು, ಮೇಲಿನ ಹಾಸುಗಲ್ಲು ಬಿಟ್ಟು ನೆಲದಿಂದ ಗೋಡೆಯ ಎತ್ತರ 14 ಇಂಚು. ಇದಕ್ಕಿಂತ ಎತ್ತರಿಸಿದರೆ ಗೋಡೆ ಕಾವನ್ನು ತಡೆದು, ಮುಖ ಬಿಸಿ, ಕಾಲು ತಣ್ಣಗೆ.

ಮಳೆ ತೀರಾ ನಿಂತ ಮೇಲೆ ಅಗೆಸು. ಸೆಪ್ಟೆಂಬರ್-ಅಕ್ಟೋಬರಿನ ಮಳೆಯಲ್ಲಿ ತೋಡಿದ ಗುಂಡಿ ಬಾವಿಯಾಗುತ್ತದೆ. ನಡುವೆ ಒಂದು ಗೂಟ ಹೊಡೆದು, 29 ಇಂಚು ಹಗ್ಗದಲ್ಲಿ ವೃತ್ತ ಎಳೆದು, ಅಷ್ಟನ್ನೂ ಒಂದು ಅಡಿ ಆಳಕ್ಕೆ ತೆಗೆಸು. ಗೂಟವಿದ್ದ ಜಾಗದಲ್ಲಿ ಇನ್ನೂ 2 ಅಡಿ ಆಳಕ್ಕೆ, ಒಂದು ಅಡಿ ಅಗಲದ ಇಂಗುಗುಂಡಿ ತೋಡಿಸಿ 40 ಎಂಎಂ ಜಲ್ಲಿ ತುಂಬಿಸು. ಕೆಲಸದವರು ಇದನ್ನೇ ಹಾರಿಸುವುದು. "ಒಳಗೆ ಸಿಮೆಂಟು ಹಾಕಿ ನೀಟಾಗಿ ಮುಚ್ಚಿಬಿಡ್ತೀವಿ ಸಾರ್" ಅನ್ನುತ್ತಾರೆ. ಮುಚ್ಚಿಸಿದರೆ ಮೊದಲ ಮಳೆಗೇ ಬೂದಿ ನೀರಿನ ತೊಟ್ಟಿ ಸಿದ್ಧ. ಮೈಸೂರಿನ ಕೆಂಪು ಮಣ್ಣು ನೀರನ್ನು ಇಂಗಿಸಿಕೊಳ್ಳುತ್ತದೆ. ಆದರೆ ಮಂಡ್ಯದ ನಾಲೆ ಬಯಲಿನಲ್ಲಿ, ಪಕ್ಕದಲ್ಲೇ ಭತ್ತದ ಗದ್ದೆ ಇದ್ದರೆ, ಇದೇ ಗುಂಡಿಯಲ್ಲಿ ನೀರು ಮೇಲಕ್ಕೆ ಬರುತ್ತದೆ. ಈ ಪತ್ರವನ್ನು ನಿನ್ನ ಭಾವನಿಗೆ ತೋರಿಸುವುದಾದರೆ ಇಂಗುಗುಂಡಿ ಬಿಟ್ಟು, ಗ್ರಾವೆಲ್ ಮಣ್ಣು ಹಾಕಿ ದಮ್ಮಸ್ಸು ಹೊಡೆಸಿ, ಜಾಗವನ್ನೇ ಒಂದು ಅಡಿ ಎತ್ತರಿಸಲು ಹೇಳು.

ಅಗೆದದ್ದರ ತಳಕ್ಕೆಲ್ಲ 4 ಇಂಚು ಜಲ್ಲಿ ಹಾಕಿ ದಮ್ಮಸ್ಸು. ಅದರ ಮೇಲೆ 12 ಇಂಚು ಅಗಲ, 4 ಇಂಚು ದಪ್ಪದ ಕಾಂಕ್ರೀಟು ಬಳೆ, ಒಳ ವ್ಯಾಸ 34 ಇಂಚು, ಹೊರಗೆ 58. ಒಳಗಡೆ ತಡೆಗೆ 9 ಅಡಿ ಉದ್ದದ ತಗಡನ್ನು ಬಗ್ಗಿಸಿ ನಿಲ್ಲಿಸಿದರೆ ಸಾಕು. ನಡುವೆ ಕಾಂಕ್ರೀಟು ಬೀಳಬಾರದು. 1:3:6ರ ಲೆಕ್ಕಕ್ಕೆ ಅರ್ಧ ಮೂಟೆ ಸಿಮೆಂಟು, 1.8 ಘನ ಅಡಿ ಎಂ-ಸ್ಯಾಂಡು, 3.7 ಘನ ಅಡಿ 20 ಎಂಎಂ ಜಲ್ಲಿ ಹಿಡಿಯುತ್ತದೆ. ಗೋಡೆಯ ಗಾರೆಗೂ ಸೇರಿ ಒಂದು ಮೂಟೆ ಸಿಮೆಂಟು ತರಿಸು. ಎಲ್ಲ ಸೇರಿ ಜಲ್ಲಿ 15 ಘನ ಅಡಿ. ಬಳೆಗೆ ರಸಮಟ್ಟ ಇಟ್ಟು ನಾಲ್ಕೂ ಕಡೆ ನೋಡು, ಇಲ್ಲಿ ಅರ್ಧ ಇಂಚು ತಪ್ಪಿದರೆ ಮೇಲೆ ಹಾಸುಗಲ್ಲು ಕುಂಟುತ್ತದೆ.

ಗೋಡೆ ಎರಡು ಸುತ್ತು, ನಡುವೆ ಒಂದು ಇಂಚು ಖಾಲಿ. ಒಳಸುತ್ತು ಫೈರ್ ಬ್ರಿಕ್ (ಹೆಚ್ಚು ಕಾವು ತಾಳುವ ಇಟ್ಟಿಗೆ), ಹೊರಸುತ್ತು ಸಾಮಾನ್ಯ ಸುಟ್ಟ ಇಟ್ಟಿಗೆ. ನೀನು ಕೇಳಿದ ಸೈಜುಗಲ್ಲು ಹೊರಗಾದರೆ ಆಗಲಿ, ಬೆಂಕಿಗೆ ಎದುರಾಗಿ ಬೇಡ. ನಮ್ಮ ಬಿಳಿಕಲ್ಲಿನಲ್ಲಿ ಬೆಣಚು (ಕ್ವಾರ್ಟ್ಜ್) ಹೆಚ್ಚು. ಬೆಣಚು 573 ಡಿಗ್ರಿಗೆ ಒಳರಚನೆ ಬದಲಿಸಿ ಒಮ್ಮೆಲೇ ಉಬ್ಬುತ್ತದೆ, ಕಲ್ಲು ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತದೆ. ಸೌದೆ ಕೆಂಡದ ಕಾವು ಅದನ್ನು ಸುಲಭವಾಗಿ ದಾಟುತ್ತದೆ. ಕಾವೇರಿ ದಡದಿಂದ ನುಣುಪು ಕಲ್ಲು ಹೆಕ್ಕಿ ತಂದು ಒಳಗೆ ಜೋಡಿಸುವವರಿದ್ದಾರೆ, ಅದು ಇನ್ನೂ ಅಪಾಯ. ಒಳಗೆ ಸೇರಿಕೊಂಡ ನೀರು ಆವಿಯಾಗಿ ಕಲ್ಲೇ ಸಿಡಿಯಬಹುದು.

ಫೈರ್ ಬ್ರಿಕ್ಕಿನ ಅಳತೆ 9×4½×3 ಇಂಚು, ಒಂದೊಂದು ಸುಮಾರು 4 ಕೆಜಿ ತೂಗುತ್ತದೆ. ಬಾಯ್ಲರ್, ಫರ್ನೇಸ್ ಕೆಲಸದ ಸಾಮಾನು ಮಾರುವವರ ಹತ್ತಿರ ಕೇಳು. ಹೆಬ್ಬಾಳ, ಮೇಟಗಳ್ಳಿ ಇಂಡಸ್ಟ್ರಿಯಲ್ ಏರಿಯಾ ಕಡೆ ವಿಚಾರಿಸಲು ಶುರು ಮಾಡು. ಇಟ್ಟಿಗೆಯನ್ನು 9 ಇಂಚು ಎತ್ತರ ಬರುವಂತೆ ನೆಟ್ಟಗೆ ನಿಲ್ಲಿಸು, 4½ ಇಂಚಿನ ಮುಖ ಬೆಂಕಿಯ ಕಡೆಗೆ ಬರಲಿ. ಕೆಳವರಸೆಗೆ 24 ಇಟ್ಟಿಗೆ, ನಾಲ್ಕು ದಿಕ್ಕಿಗೆ ಒಂದೊಂದು ಇಂಚು ಸಂದು ಬಿಟ್ಟು. ಮೇಲ್ವರಸೆಗೆ ಸಂದಿಲ್ಲದೆ 25. ಒಡೆಯುವುದಕ್ಕೆ ಸೇರಿಸಿ 55 ತಾ.

ಒಳಸುತ್ತಿಗೆ ಸಿಮೆಂಟು ಗಾರೆ ಮುಟ್ಟಿಸಬೇಡ. 400 ಡಿಗ್ರಿ ದಾಟಿದ ಮೇಲೆ ಗಟ್ಟಿಯಾದ ಸಿಮೆಂಟಿನೊಳಗಿನ ಸುಣ್ಣದಂಶ ನೀರು ಕಳೆದುಕೊಂಡು ಸಡಿಲವಾಗುತ್ತದೆ, ಆಮೇಲೆ ಮಳೆಯ ನೀರು ಹೀರಿ ಮತ್ತೆ ಉಬ್ಬುತ್ತದೆ. ಎರಡು ಸಲ ಹೀಗಾದರೆ ಸಂದಿನಲ್ಲಿ ಪುಡಿ ಮಾತ್ರ ಉಳಿಯುತ್ತದೆ. ಮಂಡ್ಯ ಕಡೆ ಆಲೆಮನೆಯ ಒಲೆ ಕಟ್ಟುವವರಿಗೆ ಇದು ಗೊತ್ತು, ಅವರು ಕೊಪ್ಪರಿಗೆಯ ಕೆಳಗೆ ಮಣ್ಣಿನ ಗಾರೆಯಲ್ಲೇ ಇಟ್ಟಿಗೆ ಕೂರಿಸುತ್ತಾರೆ. ಅಂಥ ಒಬ್ಬ ಮೇಸ್ತ್ರಿ ಸಿಕ್ಕರೆ ಟೈಲ್ಸ್ ಹಾಕುವವನಿಗಿಂತ ಎಷ್ಟೋ ವಾಸಿ. ಬರೀ ಫೈರ್ ಕ್ಲೇ (ಕಾವು ತಾಳುವ ಜೇಡಿ) ಕುಲುಮೆಯ ಕಾವಿಗೆ ಮಾತ್ರ ಗಟ್ಟಿಯಾಗುತ್ತದೆ, ಹಿತ್ತಲಲ್ಲಿ ಮಳೆಗೆ ತೊಳೆದುಹೋಗುತ್ತದೆ. ಆದ್ದರಿಂದ ಗಾಳಿಗೇ ಒಣಗಿ ಗಟ್ಟಿಯಾಗುವ 'ಏರ್ ಸೆಟ್ಟಿಂಗ್' ಗಾರೆ ಕೇಳು, 25 ಕೆಜಿ ಸಾಕು. ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಇಟ್ಟಿಗೆಯ ಪಕ್ಕಗಳಿಗೆ ಬಳಿದು ಒತ್ತಿ ಕೂರಿಸಬೇಕು. ಒಳಮುಖದಲ್ಲಿ ಸಂದು 3 ಎಂಎಂ ದಾಟಬಾರದು. ಹಿಂಬದಿಯಲ್ಲಿ ಮುಕ್ಕಾಲು ಇಂಚು ಬಾಯಿ ತೆರೆದುಕೊಳ್ಳುತ್ತದೆ, ಅಲ್ಲಿ ಅದೇ ಗಾರೆಗೆ ಫೈರ್ ಬ್ರಿಕ್ ಚೂರು ಸೇರಿಸಿ ತುಂಬು.

ಹೊರಸುತ್ತು ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳಿನ ಗಾರೆಯಲ್ಲಿ ಐದು ವರಸೆ, ವರಸೆಗೆ 16 ಇಟ್ಟಿಗೆ, ಒಟ್ಟು 90 ತರಿಸು. ಮೂರನೇ ವರಸೆಯಲ್ಲಿ, ಒಳಗಿನ ಸಂದುಗಳಿಗೆ ನೇರವಾಗಿ, ನಾಲ್ಕು ಕಡೆ ಅರ್ಧರ್ಧ ಇಟ್ಟಿಗೆ ಬಿಟ್ಟುಬಿಡು. ಇವೇ ಗಾಳಿಗಂಡಿಗಳು. ಹಾವು, ಇಲಿ ಸೇರದಂತೆ ಕಬ್ಬಿಣದ ಜಾಲರಿ ಹೊಡೆಸು. ನಡುವಿನ ಒಂದಿಂಚು ಜಾಗಕ್ಕೆ ಗಾರೆ ಉದುರಿ ತುಂಬಿಕೊಂಡರೆ ಎರಡು ಗೋಡೆ ಒಂದಾಗಿ, ಒಳಗಿನದು ಕಾದು ಹಿಗ್ಗಿದಾಗ ಹೊರಗಿನದು ಸೀಳುತ್ತದೆ. ಕಟ್ಟುವಾಗ ಅಲ್ಲಿ ಒಂದು ಹಳೇ ಗೋಣಿ ಸುರುಳಿ ತುರುಕಿಟ್ಟು ಆಮೇಲೆ ಎಳೆದುಕೊಳ್ಳಲಿ.

ಮೇಲೆ 2 ಇಂಚು ದಪ್ಪದ ಹಾಸುಗಲ್ಲು, ಎಂಟು ತುಂಡಾಗಿ ಕೊಯ್ಸಿದ್ದು. ಗಾರೆ ಹೊರಗೋಡೆಯ ಮೇಲೆ ಮಾತ್ರ. ಒಳಗೋಡೆಯ ಮೇಲೆ ಸುಮ್ಮನೆ ಕೂತಿರಲಿ, ಒಳಅಂಚಿನಿಂದ ಒಂದು ಇಂಚು ಹಿಂದಕ್ಕೆ. ಬೆಂಕಿ ಉರಿಸುವ ಒಳವೃತ್ತಕ್ಕೆ ನೆಲಮಟ್ಟದ 2 ಇಂಚು ಕೆಳಗಿನವರೆಗೆ ಜಲ್ಲಿ, ಅದರ ಮೇಲೆ 2 ಇಂಚು ಇಟ್ಟಿಗೆ ಚೂರು. ಬೆಂಕಿಗೆ ಕಾಣುವ ಕಡೆ ಜಲ್ಲಿಯೂ ಬೇಡ, ಅದೂ ಅದೇ ಕಲ್ಲು ತಾನೆ. ವೆಲ್ಡಿಂಗ್ ಅಂಗಡಿಯಲ್ಲಿ 12 ಎಂಎಂ ಸರಳುಗಳನ್ನು ಒಂದೊಂದು ಇಂಚು ಬಿಟ್ಟು ಬೆಸೆದ 30 ಇಂಚಿನ ದುಂಡು ಜಾಲಿ, 4 ಇಂಚು ಕಾಲಿನದು, ಮಾಡಿಸಿಕೊ. ಗಾಳಿ ಅದರ ಕೆಳಗಿನಿಂದ ನುಗ್ಗಿದರೆ ಹೊಗೆ ಒಂದಷ್ಟು ಅಲ್ಲೇ ಉರಿದುಹೋಗುತ್ತದೆ.

ಹೊರಗೋಡೆಗೆ ಏಳು ದಿನ ನೀರು ಹಾಕಿಸು, ಒಳಸುತ್ತಿಗೆ ಹನಿಯೂ ಬೀಳದಿರಲಿ. ಹತ್ತು ದಿನ ಒಣಗಿದ ಮೇಲೆ ಮೊದಲ ಸಂಜೆ ಬರೀ ಚಕ್ಕೆ-ಪುಳ್ಳೆಯ ಅರ್ಧ ಗಂಟೆ ಬೆಂಕಿ, ಮರುದಿನ ಒಂದು ಗಂಟೆ, ಮೂರನೇ ದಿನ ಸ್ವಲ್ಪ ದೊಡ್ಡದು. ಗೃಹಪ್ರವೇಶದ ಉಮೇದಿನಲ್ಲಿ ಮೊದಲ ದಿನವೇ ದಿಮ್ಮಿ ಒಟ್ಟಿದರೆ ಸಂದಿನೊಳಗಿನ ತೇವ ಆವಿಯಾಗಿ ಗಾರೆಯನ್ನು ಹೊರಕ್ಕೆ ನೂಕುತ್ತದೆ.

ಸೌದೆಗೆ ಸರ್ವೆ ಒಳ್ಳೆಯದು, ಹುಣಸೆ ಇನ್ನೂ ಒಳ್ಳೆಯದು, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಹೊತ್ತಿಸುವುದಕ್ಕೆ ತೆಂಗಿನ ಕರಟ. ಡಿಪೋದಲ್ಲಿ 'ಒಣಗಿದೆ' ಅಂದದ್ದನ್ನು ನಂಬಬೇಡ: ಕೊಯ್ದ ತುದಿಯಲ್ಲಿ ಬಿರುಕು ಇರಬೇಕು, ಎರಡು ತುಂಡು ಬಡಿದರೆ ಟಣ್ ಅನ್ನಬೇಕು. ಸೀಳಿ, ಮಳೆ ಬೀಳದ ಕಡೆ ಆರು ತಿಂಗಳು ಒಟ್ಟಿಟ್ಟರೆ ನಿಶ್ಚಿಂತೆ. ಪ್ಲೈವುಡ್ಡು, ಪಾಲಿಶ್ ಹಚ್ಚಿದ ಹಳೇ ಬಾಗಿಲು ಬೇಡ. ಬೇಲಿಯ ಕಣಗಿಲೆ ಕಡ್ಡಿಯನ್ನಂತೂ ಹತ್ತಿರಕ್ಕೂ ತರಬೇಡ, ಅದರ ಹೊಗೆಯೂ ವಿಷ. ಕಬ್ಬಿನ ತರಗು, ತೋಟದ ಒಣಎಲೆ ಹಾಕಿದರೆ ಕಿಡಿ ಹಾರುತ್ತದೆ. ಕಸ ಸುಡುವುದಕ್ಕೆ 2016ರ ಡಿಸೆಂಬರಿನಲ್ಲಿ ಹಸಿರು ನ್ಯಾಯಾಧಿಕರಣ 5,000 ರೂಪಾಯಿ ದಂಡವನ್ನೂ ಇಟ್ಟಿದೆ. ಪಿಟ್ಟು ಕಸದ ತೊಟ್ಟಿಯಲ್ಲ ಅಂತ ಕೆಲಸದವರಿಗೆ ಮೊದಲೇ ಹೇಳಿಡು.

ಬೆಂಕಿ ಇರುವಾಗ ಪಕ್ಕದಲ್ಲಿ ಒಂದು ಬಕೆಟ್ ಮರಳು, ನೀರಿನ ಪೈಪು ಇರಲಿ. ಕಾದ ಇಟ್ಟಿಗೆಗೆ ನೀರು ಎರಚಿ ಆರಿಸಬೇಡ, ಸೀಳುತ್ತದೆ. ಕೆಂಡ ಹರಡಿ ತಾನೇ ಆರಲು ಬಿಡು. ಮೇಲೆ ಬೂದಿ ತಣ್ಣಗಿದ್ದರೂ ಒಳಗೆ ಮೂರು-ನಾಲ್ಕು ದಿನ ಕಿಡಿ ಇರಬಹುದು, ಪ್ಲಾಸ್ಟಿಕ್ ಬುಟ್ಟಿಗೆ ಹಾಕಬಾರದು, ಮುಚ್ಚಳವಿರುವ ತಗಡಿನ ಡಬ್ಬವೇ ಆಗಬೇಕು. ಆರಿದ ಬೂದಿ ತೆಂಗಿನ ಬುಡಕ್ಕೆ ಸ್ವಲ್ಪ ಸ್ವಲ್ಪ ಹಾಕು. ಯೂರಿಯಾ ಜತೆ ಬೆರೆಸಬೇಡ, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.

ಇಷ್ಟಾದ ಮೇಲೆ 56 ಇಂಚಿನ ತಗಡಿನ ಮುಚ್ಚಳ ಒಂದು ಮಾಡಿಸು, ನಡು ಸ್ವಲ್ಪ ಉಬ್ಬಿರಲಿ, ನೀರು ಹೊರಕ್ಕೆ ಜಾರಲಿ. ಮಾರ್ಚಿನಲ್ಲಿ ಬೂದಿ ಪೂರ್ತಿ ತೆಗೆದು ಮುಚ್ಚಿಬಿಡು. ಒದ್ದೆ ಬೂದಿ ಕ್ಷಾರ, ಜಾಲಿಯ ಕಬ್ಬಿಣವನ್ನೂ ಸಂದಿನ ಗಾರೆಯನ್ನೂ ತಿನ್ನುತ್ತದೆ. ಮುಂದಿನ ನವೆಂಬರಿನಲ್ಲಿ ಮುಚ್ಚಳ ತೆಗೆದಾಗ ಗಂಡಿಗಳಲ್ಲಿ ಏನೂ ಸೇರಿಲ್ಲವೆಂದು ಟಾರ್ಚು ಬಿಟ್ಟು ನೋಡು, ಉದುರಿದ ಸಂದಿದ್ದರೆ ಕೆರೆದು ಹೊಸ ಗಾರೆ ತುಂಬು. ಉಳಿದ ಗಾರೆ ಮೂಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಎತ್ತಿಟ್ಟುಕೊ, ಅದಕ್ಕೇ ಬೇಕಾಗುತ್ತದೆ.

ಇಂತಿ,
ನಿನ್ನ ಗೆಳೆಯ