ಕೂತು ಪೂಜೆ ಮಾಡುವ ಗುರುವಿನ ಧನ್ಯವಾದ

ನಾನು ಕ್ಯಾಥೊಲಿಕ್ ಗುರುವಾದ ದಿನದ, ಅಂದರೆ ಗುರುದೀಕ್ಷೆಯ ಬೆಳ್ಳಿಹಬ್ಬ ಮುಗಿಯಿತು. ಅವತ್ತು ಮೈಕ್ ಕೈಗೆ ಕೊಟ್ಟಾಗ ನಾಲ್ಕು ಮಾತು ಆಡುವಷ್ಟರಲ್ಲೇ ಸುಸ್ತಾಗಿ ಸುಮ್ಮನಾದೆ. ಹೇಳಬೇಕಾದ್ದೆಲ್ಲ ಹಾಗೇ ಉಳಿಯಿತು. ಅದನ್ನೇ ಈಗ ಬರೆಸುತ್ತಿದ್ದೇನೆ. ಬೆರಳು ಮಾತು ಕೇಳುವುದಿಲ್ಲ, ನಾನು ಹೇಳುತ್ತೇನೆ, ನಮ್ಮ ಮಠದ ಕಿರಿಯ ಸನ್ಯಾಸಿ, ಬ್ರದರ್ ಒಬ್ಬರು ಬರೆದುಕೊಳ್ಳುತ್ತಾರೆ. ಮೊದಲ ಧನ್ಯವಾದ ಅವರಿಗೇ. ಇದನ್ನೂ ಬರೆದುಕೊಳ್ಳಿ ಅಂದರೆ ನಗುತ್ತಾರೆ.

ನನ್ನ ಕಾಯಿಲೆಯ ಹೆಸರು ನಿಮಗೆಲ್ಲ ಬಾಯಿಪಾಠ ಆಗಿದೆ. ಮಲ್ಟಿಪಲ್ ಸ್ಕ್ಲೀರೋಸಿಸ್. ಮಿದುಳು ಮತ್ತು ಬೆನ್ನುಹುರಿಯ ನರಗಳ ಮೇಲೆ ಒಂದು ಹೊದಿಕೆ ಇರುತ್ತದೆ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಆ ಹೊದಿಕೆಯನ್ನು ಕೆಡಿಸುತ್ತಾ ಹೋಗುತ್ತದೆ. ಮೊದಲು ಕಾಲು ಎಡವುತ್ತಿತ್ತು. ಆಮೇಲೆ ಊರುಗೋಲು ಬಂತು. ಈಗ ಗಾಲಿಕುರ್ಚಿ. ಸೆಕೆಯಾದರೆ ಎಲ್ಲವೂ ಇನ್ನೂ ಜಾಸ್ತಿ. ಗುರುವಿನ ಕೆಲಸವೋ, ಬಟ್ಟೆಯ ಮೇಲೆ ಬಿಳಿ ನಿಲುವಂಗಿ, ಅದರ ಮೇಲೆ ಪೂಜಾವಸ್ತ್ರ. ಬಲಿಪೂಜೆಯ (ಮಾಸ್‌ನ) ನಡುವೆ ಅಕ್ಷರಗಳು ಮಸುಕಾಗುತ್ತಿದ್ದವು. ಇದನ್ನು ಮೊದಲು ಗಮನಿಸಿದ್ದು ದೇವಾಲಯದ ಬಟ್ಟೆಗಳನ್ನು ನೋಡಿಕೊಳ್ಳುವ ಅಮ್ಮಂದಿರು. ಯಾರೂ ಹೇಳದೆಯೇ ತೆಳ್ಳನೆಯ ಹತ್ತಿಯಲ್ಲಿ ಹೊಸದು ಹೊಲಿದು ತಂದರು. ದೊಡ್ಡ ಹಬ್ಬಕ್ಕೆ ಜರಿ ಇರೋದು ಬೇಕಲ್ವಾ ಅಂತ ಯಾರೋ ಕೇಳಿದ್ದಕ್ಕೆ, "ನಿಮಗೆ ಫಾದರ್ ಬೇಕೋ, ಜರಿ ಬೇಕೋ?" ಅಂದರಂತೆ. ಅಲ್ಲಿಗೆ ಚರ್ಚೆ ಮುಗಿಯಿತು.

ನಮ್ಮ ಧರ್ಮಾಧ್ಯಕ್ಷರಿಗೂ (ಬಿಷಪ್ಪರಿಗೂ) ಧನ್ಯವಾದ ಹೇಳಬೇಕು. ನಿಲ್ಲಲಾಗದ ಗುರು ಕೂತು ಪೂಜೆ ಅರ್ಪಿಸಬಹುದು ಎಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 930ನೇ ನಿಯಮ ಹೇಳುತ್ತದೆ. ಆದರೆ ಜನರ ಮುಂದೆ ಹಾಗೆ ಅರ್ಪಿಸಲು ಅನುಮತಿ ಬೇಕು. ನನ್ನ ಪತ್ರಕ್ಕೆ ಅವರಿಂದ ಬಂದ ಉತ್ತರ ಎರಡೇ ಸಾಲು. ಒಂದರಲ್ಲಿ ಅನುಮತಿ. ಇನ್ನೊಂದರಲ್ಲಿ, "ಪೀಠದ ಎತ್ತರ ನಿಮಗೆ ಸರಿ ಹೋಗುತ್ತದಾ, ನೋಡಿಸಿ." ನೋಡಿದರೆ ನಿಜಕ್ಕೂ ಸರಿ ಹೋಗುತ್ತಿರಲಿಲ್ಲ. ಪೂಜೆ ಅರ್ಪಿಸುವ ಕಲ್ಲಿನ ಪೀಠ, ಕೆಳಗೆ ಮೊಣಕಾಲಿಗೆ ಜಾಗವೇ ಇಲ್ಲ. ಕೈ ಚಾಚಿದರೂ ಪಾತ್ರೆ ಸಿಗುತ್ತಿರಲಿಲ್ಲ. ನಮ್ಮ ಬಡಗಿ ಅಣ್ಣ ಅಳತೆ ತೆಗೆದುಕೊಂಡು ಹೋಗಿ, ಕುರ್ಚಿ ಒಳಗೆ ಸರಿಯುವಂಥ ಮರದ ಪೀಠ ಮಾಡಿಕೊಟ್ಟರು. ಕೂಲಿಯ ಮಾತೆತ್ತಿದರೆ ಜಗಳಕ್ಕೇ ಬರುತ್ತಾರೆ.

ಇದೆಲ್ಲ ಈಗ ಸುಲಭವಾಗಿ ಕಾಣುತ್ತದೆ. ಹಿಂದಿನ 1917ರ ಸಂಹಿತೆಯಲ್ಲಿ, ಪೀಠದ ಸೇವೆಯನ್ನು ಸುರಕ್ಷಿತವಾಗಿ ಮಾಡಲಾಗದಷ್ಟು ದೇಹ ದುರ್ಬಲವಾಗಿದ್ದವರಿಗೆ ಗುರುದೀಕ್ಷೆಗೇ ತಡೆ ಇತ್ತು. ಅದು ಜಾರಿಯಲ್ಲಿದ್ದಾಗಲೇ, 1974ರಲ್ಲಿ, ಅಮೆರಿಕದಲ್ಲಿ ಅಗಸ್ಟಿನ್ ಸಭೆ ಎಂಬ ಸನ್ಯಾಸಿ ಸಂಘದ ಬಿಲ್ ಅಟ್ಕಿನ್‌ಸನ್ ಗುರುವಾದರು. ಹಿಮದ ಜಾರುಬಂಡಿಯಿಂದ ಬಿದ್ದು ಕೈಕಾಲು ಸ್ವಾಧೀನ ಕಳೆದುಕೊಂಡವರು ಅವರು. ಆಮೇಲೆ ವರ್ಷಗಟ್ಟಲೆ ಹೈಸ್ಕೂಲು ಹುಡುಗರಿಗೆ ಪಾಠ ಮಾಡಿದರು. ಹದಿಹರೆಯದ ಹುಡುಗರನ್ನು ಗಾಲಿಕುರ್ಚಿಯಿಂದಲೇ ಸಂಭಾಳಿಸಿದ್ದಾರೆ ಅಂದರೆ ನನ್ನ ಧರ್ಮಕೇಂದ್ರ ಯಾವ ಲೆಕ್ಕ!

ಮಠದಲ್ಲಿ ನನ್ನನ್ನು ಸಮಾಧಾನ ಮಾಡಬೇಕು ಅನ್ನಿಸಿದವರೆಲ್ಲ ಜರ್ಮನಿಯ ರೈಷೆನೌ ಮಠದ ಹೆರ್ಮನ್ ಅವರ ಕತೆ ಹೇಳುತ್ತಾರೆ. 1013ರಲ್ಲಿ ಹುಟ್ಟಿ 1054ರಲ್ಲಿ ತೀರಿಕೊಂಡ ಬೆನೆಡಿಕ್ಟಿನ್ ಸನ್ಯಾಸಿ. ನಡೆಯಲಾಗುತ್ತಿರಲಿಲ್ಲ, ಮಾತೂ ಸರಿಯಾಗಿ ಹೊರಡುತ್ತಿರಲಿಲ್ಲ. ಆದರೂ ಖಗೋಳ, ಗಣಿತ, ಸಂಗೀತ, ಇತಿಹಾಸ ಎಲ್ಲದರ ಬಗ್ಗೆ ಬರೆದರು. ದೊಡ್ಡವರು, ಒಪ್ಪುತ್ತೇನೆ. ನಾನೋ ಭಾನುವಾರದ ಪ್ರಕಟಣೆ ಓದಿ ಮುಗಿಸಿದರೆ ಸಾಕು ಅನ್ನುವವನು. ಇಂಥ ಕತೆ ಕೇಳಿದಾಗೆಲ್ಲ ನನಗೆ ಬೇರೆಯದೇ ಪ್ರಶ್ನೆ ಬರುತ್ತದೆ. ಬೆಳಗಿನ ಪ್ರಾರ್ಥನೆಗೆ ಹೆರ್ಮನ್ ಅವರನ್ನು ಹಾಸಿಗೆಯಿಂದ ಎತ್ತುತ್ತಿದ್ದವರು ಯಾರು? ಮುಖ ತೊಳೆಸಿದವರು, ತುತ್ತು ಕೊಟ್ಟವರು ಯಾರು? ನಾನು ಓದಿದ ಯಾವ ಪುಸ್ತಕದಲ್ಲೂ ಅವರ ಹೆಸರು ಕಂಡಿಲ್ಲ.

ನನ್ನನ್ನು ಎತ್ತುವವರ ಹೆಸರು ನನಗೆ ಗೊತ್ತು. ಬರೆಯಬೇಡಿ ಅಂದಿದ್ದಾರೆ, ಬರೆಯುವುದಿಲ್ಲ. ಮಿಕ್ಕ ಎಲ್ಲಕ್ಕಿಂತ ರೋಗಿಗಳ ಆರೈಕೆ ಮೊದಲು, ಕ್ರಿಸ್ತನಿಗೆ ಮಾಡಿದಂತೆಯೇ ಅವರ ಸೇವೆ ಮಾಡಬೇಕು ಎಂದು ಸಂತ ಬೆನೆಡಿಕ್ಟರು ಮಠಗಳಿಗೆ ಬರೆದ ನಿಯಮದ 36ನೇ ಅಧ್ಯಾಯ ಹೇಳುತ್ತದೆ. ಅದೇ ಅಧ್ಯಾಯದಲ್ಲಿ ರೋಗಿಗೂ ಒಂದು ಮಾತಿದೆ. ಅತಿಯಾಗಿ ಬೇಡಿಕೆ ಇಟ್ಟು ಸೇವೆ ಮಾಡುವ ಸೋದರರನ್ನು ನೋಯಿಸಬೇಡ. ಆ ಸಾಲನ್ನು ನನ್ನ ಬ್ರದರ್‌ಗಳು ಒಂದು ದಿನವೂ ನನಗೆ ನೆನಪಿಸಿಲ್ಲ. ಕಾಲುಚೀಲದ ಮಡಿಕೆ ಸರಿಯಿಲ್ಲ ಅಂತ ನಾನು ಗೊಣಗುವಾಗಲೂ ಸಹ.

ಮೂರನೇ ಮಹಡಿಯಲ್ಲಿದ್ದ ಒಬ್ಬ ಅಜ್ಜಿಗೆ ಕಾಯಿಲೆ ಜೋರಾಗಿ, ಅಭ್ಯಂಗ, ಅಂದರೆ ರೋಗಿಯ ಹಣೆಗೂ ಕೈಗೂ ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ, ಕೊಡಬೇಕೆಂದು ರಾತ್ರಿ ಫೋನ್ ಬಂತು. ಲಿಫ್ಟ್ ಇಲ್ಲ. ಈ ಸಂಸ್ಕಾರವನ್ನು ಗುರುವೇ ಕೊಡಬೇಕು, ಗುರುವಲ್ಲದ ಇನ್ನೊಬ್ಬರನ್ನು ಕಳಿಸುವ ಹಾಗಿಲ್ಲ. ಯುವಕರು ನಾಲ್ವರು ಬಂದು ನನ್ನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತರು. ತಿರುವು ಬಂದಲ್ಲೆಲ್ಲ "ಸ್ವಲ್ಪ ಎಡಕ್ಕೆ, ಸ್ವಲ್ಪ ಎಡಕ್ಕೆ" ಅಂತ ಏದುಸಿರು. ನನ್ನ ಮೊಣಕೈ ಗೋಡೆಗೆ ಉಜ್ಜುತ್ತಿತ್ತು. ಒಳಗೆ ಹೋದಾಗ ಅಜ್ಜಿ ಕಣ್ಣು ಬಿಟ್ಟು ನೋಡಿ, "ಇಬ್ಬರಲ್ಲಿ ಯಾರಿಗೆ ಫಾದರ್ ಎಣ್ಣೆ ಹಚ್ಚೋದು?" ಅಂದರು. ಮನೆಯವರೆಲ್ಲ ಅಳುತ್ತಲೇ ನಕ್ಕರು. ನನ್ನ ಹೆಬ್ಬೆರಳಿಗೆ ಸ್ಪರ್ಶ ಗೊತ್ತಾಗುವುದಿಲ್ಲ, ಎಣ್ಣೆ ತಗುಲಿದೆಯೋ ಇಲ್ಲವೋ ಕಣ್ಣಿಂದಲೇ ನೋಡಬೇಕು. ಅಜ್ಜಿ ತಾವೇ ಹಣೆಯನ್ನು ಮುಂದಕ್ಕೆ ತಂದು ಬೆರಳಿಗೆ ತಾಗಿಸಿದರು. ಆಮೇಲೆ ಅಂಗೈಗಳನ್ನೂ ಒಂದಾದ ಮೇಲೊಂದು ಹಿಡಿದರು.

ನನಗೂ ಅಭ್ಯಂಗ ಆಗಿದೆ. ಮಠದ ಹಿರಿಯ ಫಾದರ್ ಕೊಟ್ಟರು. ಹಣೆಗೆ ಹಚ್ಚಿದ ಮೇಲೆ ನನ್ನ ಕೈಗಳನ್ನು ಮಗುಚಿ ಹಿಂಬದಿಗೆ ಹಚ್ಚಿದರು. ಅದು ಹಳೆಯ ಪದ್ಧತಿ. ಗುರುವಿನ ಅಂಗೈಗೆ ದೀಕ್ಷೆಯ ದಿನವೇ ಪವಿತ್ರ ತೈಲ ಬಿದ್ದಿರುತ್ತದಲ್ಲ, ಅದಕ್ಕೆ. ಈಗ ಯಾರೂ ಅದನ್ನು ಪಾಲಿಸಬೇಕಿಲ್ಲ. ಆದರೆ ಏನನ್ನೂ ಹಿಡಿಯಲಾಗದ ಈ ಕೈಗಳನ್ನು ಅವರು ಇನ್ನೂ ಗುರುವಿನ ಕೈ ಎಂದೇ ಎಣಿಸಿದರಲ್ಲ, ಅದಕ್ಕೆ ಏನು ಹೇಳಲಿ.

ಒಂದು ಮಾತು ಹೇಳದೆ ಇರಲಾರೆ. ನನಗೆ ನಂಬಿಕೆ ಕಡಿಮೆ, ಅದಕ್ಕೇ ವಾಸಿಯಾಗುತ್ತಿಲ್ಲ ಎಂದು ಮುಖದ ಮೇಲೇ ಹೇಳಿದವರಿದ್ದಾರೆ. ನನ್ನ ಕಷ್ಟವೇ ದೇವರ ವರ ಎಂದು ಕೊಂಡಾಡಿದವರೂ ಇದ್ದಾರೆ. ಇಬ್ಬರೂ ನನ್ನನ್ನು ಕೇಳಲಿಲ್ಲ. ನೀವು ಕೇಳಿದಿರಿ. "ಫಾದರ್, ಇವತ್ತು ಹೇಗಿದ್ದೀರಿ? ಪ್ರಬೋಧನೆ ಚಿಕ್ಕದು ಮಾಡ್ತೀರಾ?" (ಎರಡನೆಯದಕ್ಕೆ ನನ್ನ ಆರೋಗ್ಯವೊಂದೇ ಕಾರಣ ಅಲ್ಲ ಅಂತ ಗೊತ್ತು ಬಿಡಿ.) ಪಾಪನಿವೇದನೆಯ ಪೆಟ್ಟಿಗೆಯೊಳಗೆ ಕುರ್ಚಿ ಹೋಗದೆ, ಮೂಲೆಯಲ್ಲಿ ಪರದೆ ಕಟ್ಟಿಕೊಂಡು ಕೂತರೂ ನೀವು ಸಾಲು ಬಿಡಲಿಲ್ಲ. ಪ್ರಸಾದದ ಹೊತ್ತಿಗೆ ಎತ್ತರದವರು ಬಗ್ಗುತ್ತೀರಿ. ಪುಟ್ಟ ಮಕ್ಕಳು ಬಗ್ಗಬೇಕಿಲ್ಲ, ಆಶೀರ್ವಾದಕ್ಕೆ ಬಂದರೆ ನನ್ನ ಕಣ್ಣಿಗೆ ಸಮ ನಿಲ್ಲುತ್ತಾರೆ. ಅದರಲ್ಲೊಬ್ಬ ಪ್ರತಿ ಸಲ ಕುರ್ಚಿಯ ಬ್ರೇಕ್ ಹಾಕಿದೆಯಾ ಎಂದು ನೋಡಿಯೇ ತಲೆ ತಗ್ಗಿಸುತ್ತಾನೆ.

ಇನ್ನಷ್ಟು ಕಾಲ ನಾನು ಇಲ್ಲೇ ಇರಲು ಮಠಾಧಿಪತಿಗಳೂ ಧರ್ಮಾಧ್ಯಕ್ಷರೂ ಒಪ್ಪಿದ್ದಾರೆ. ಮನೆಯಲ್ಲಿ ರೋಗಿಗಳಿದ್ದರೆ ಸಂಕೋಚಪಡದೆ ಕರೆಯಿರಿ. ಮೆಟ್ಟಿಲು ಎಷ್ಟಿವೆ ಅಂತ ಮಾತ್ರ ಮುಂಚೆಯೇ ಹೇಳಿಬಿಡಿ. ಬರುವುದಿಲ್ಲ ಅಂತಲ್ಲ, ಆ ನಾಲ್ವರಿಗೆ ಫೋನ್ ಮಾಡಬೇಕಲ್ಲ.