ದಾರಿ ತಪ್ಪಿದರೆ?

ಪುಟ್ಟೀ,

ಪತ್ರ ಬಂತು. ಹಾಸ್ಟೆಲ್ ಊಟ, ಮುಂಬಯಿ ಮಳೆ, ವಿಮಾನ ಹಾರಿಸುವ ಪಾಠ ಎಲ್ಲ ಓದಿದೆ. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ತಾತಾ, ಒಬ್ಬಳೇ ದೂರ ಹಾರುವಾಗ ದಾರಿ ತಪ್ಪಿದರೆ?" ಅಂತ, ಅದು ರಾತ್ರಿಯೆಲ್ಲ ತಲೆಯಲ್ಲೇ ಕೂತಿತ್ತು. ಎರಡು ಸಲ ಎದ್ದು ನೀರು ಕುಡಿದೆ.

1932ರ ಅಕ್ಟೋಬರ್ 15ರಂದು ನಿಮ್ಮ ಮುತ್ತಾತ ವಿಮಾನ ನೋಡಲು ಓಡಿದ ಕಥೆ ನಿನಗೆ ಬಾಯಿಪಾಠ, ಬಿಡು. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಅದನ್ನು ಹಾರಿಸಿದವರ ಬಗ್ಗೆ. ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಚೀಲ ಹಾಕಿಕೊಂಡು ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಒಬ್ಬರೇ ಹೊರಟರು. ರೇಡಿಯೋ ಇಲ್ಲ. ನಕ್ಷೆ, ದಿಕ್ಸೂಚಿ, ಅಷ್ಟೇ. ಅಹಮದಾಬಾದಿನಲ್ಲಿ ಪೆಟ್ರೋಲ್ ಡಬ್ಬಗಳು ಎತ್ತಿನ ಗಾಡಿಯಲ್ಲಿ ಬಂದವಂತೆ! ಮುಂಬಯಿಯ ಜುಹುವಿನಲ್ಲಿ ಇಳಿದರು, ಅಲ್ಲಿಂದ ಮುಂದೆ ಮದ್ರಾಸಿನವರೆಗೆ ಅವರ ಜೊತೆಗಾರ ಪೈಲಟ್ ನೆವಿಲ್ ವಿನ್ಸೆಂಟ್ ಹಾರಿಸಿದರು. ಕತ್ತಲಲ್ಲಿ ಇಳಿಯುವ ವ್ಯವಸ್ಥೆ ಇರಲಿಲ್ಲ, ಅದಕ್ಕೇ ರಾತ್ರಿ ನಮ್ಮ ಬಳ್ಳಾರಿಯಲ್ಲೇ ಉಳಿದು ಮರುದಿನ ಹೊರಟರು. ಆಗ ಮಳೆಗಾಲ ಬಂದರೆ ಜುಹು ಮೈದಾನಕ್ಕೆ ನೀರು ತುಂಬುತ್ತಿತ್ತು, ವಿಮಾನಗಳನ್ನೇ ಪುಣೆಗೆ ಒಯ್ಯುತ್ತಿದ್ದರು. ಆಗದಿದ್ದರೆ ನಿಲ್ಲುತ್ತಿದ್ದರು, ನೋಡು.

ದಾರಿ ತಪ್ಪುವ ಭಯ ಅವರಿಗೆ ಇರಲಿಲ್ಲ ಅಂತ ನಾನು ಹೇಗೆ ಹೇಳಲಿ? ನನಗೆ ಇತ್ತು, ಅದೂ ನೆಲದ ಮೇಲೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಮುಂಬಯಿಯಿಂದ ವಿಮಾನದ ಇಂಜಿನ್ ರಿಪೇರಿ ಕಲಿಯಲು ಬಾ ಅಂತ ಕಾಗದ ಬಂದಿತ್ತು. ಗುಂತಕಲ್ಲಿನವರೆಗೆ ಹೋದೆ. ಬಾಂಬೆ ರೈಲು ಬಂತು, ಟ್ರಂಕಿನ ಹಿಡಿ ಹಿಡಿದುಕೊಂಡೇ ನಿಂತಿದ್ದೆ, ರೈಲು ಹೋಯಿತು. ಅಷ್ಟು ದೊಡ್ಡ ಊರಲ್ಲಿ ಕಳೆದುಹೋಗುತ್ತೇನೆ ಅನ್ನಿಸಿತ್ತು. ಮೂರು ದಿನ ಸ್ಟೇಷನ್ನಿನ ಹತ್ತಿರವೇ ಕಳೆದು ಮನೆಗೆ ಬಂದು "ಜಾಗ ಖಾಲಿ ಇಲ್ಲ ಅಂದರು" ಅಂದೆ. ನಿಮ್ಮಜ್ಜಿಗೂ ನಿಜ ಹೇಳಿಲ್ಲ. ನೀನೂ ಹೇಳಬೇಡ.

ಸ್ಕೂಟರನ್ನೂ ನೆಟ್ಟಗೆ ಓಡಿಸದವನು ನಿನಗೇನು ಬುದ್ಧಿ ಹೇಳಲಿ. ಆದರೂ ಹೊರಡುವ ಮೊದಲು ನದಿ, ರೈಲು ಹಳಿ ಎಲ್ಲೆಲ್ಲಿ ಬರುತ್ತವೆ ಅಂತ ನಕ್ಷೆಯಲ್ಲಿ ಬೆರಳಿಟ್ಟು ಒಮ್ಮೆ ನೋಡಿಕೋ. ಇದೆಲ್ಲ ನಿಮ್ಮ ಮೇಷ್ಟ್ರು ಹೇಳಿಯೇ ಇರುತ್ತಾರೆ, ಅಲ್ವಾ? ದಾರಿ ತಪ್ಪಿದೆ ಅನ್ನಿಸಿದ ಕೂಡಲೇ ರೇಡಿಯೋದಲ್ಲಿ ಹೇಳಿಬಿಡು, ನಾಚಿಕೆ ಬೇಡ. ನಾನು ಗುಂತಕಲ್ಲಿನಲ್ಲಿ ಯಾರನ್ನೂ ಒಂದು ಮಾತು ಕೇಳಲಿಲ್ಲ.

ಒಬ್ಬಳೇ ಹಾರುವ ದಿನ ಯಾವುದು ಅಂತ ಮೊದಲೇ ಹೇಳಬೇಡ. ಇಳಿದ ಮೇಲೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ನಿನ್ನ ತಾತ