ಗೆಳೆಯನಿಗೊಂದು ಪತ್ರ: 3 ಕೋಳಿ, 15 ಮೊಟ್ಟೆ ಮತ್ತು ನಿನ್ನ ಅರ್ಜಿ

ಪ್ರೀತಿಯ ಗೆಳೆಯಾ,

ಪಿಎಚ್‌ಡಿ ಮುಗಿಯಿತು, ಇನ್ನು ಎಲ್ಲಾದರೂ ಗಂಟೆ ಲೆಕ್ಕದ ಪಾಠ ಹಿಡಿಯುತ್ತೇನೆ ಅಂತ ಬರೆದಿದ್ದೀಯ. ಹಿಡಿ, ಬೇಡ ಅನ್ನುವುದಿಲ್ಲ. ಹೊಟ್ಟೆಪಾಡು ಯಾರನ್ನು ಬಿಟ್ಟಿದೆ? ಆದರೆ ಅದಕ್ಕೂ ಮೊದಲು ಬ್ರಿಟನ್ನಿನ ಎಕನಾಮಿಕ್ ಹಿಸ್ಟರಿ ಸೊಸೈಟಿಯ ಪವರ್ ಫೆಲೋಶಿಪ್‌ಗೆ ಒಂದು ಅರ್ಜಿ ಹಾಕು. ಪಿಎಚ್‌ಡಿ ಆದವರಿಗೆ ಒಂದು ವರ್ಷದ ಅವಕಾಶ. ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಹಿಸ್ಟಾರಿಕಲ್ ರಿಸರ್ಚ್‌ನಲ್ಲಿ ಕೂತು ನಿನ್ನ ಪಾಡಿಗೆ ನೀನು ಕೆಲಸ ಮಾಡಬಹುದು.

ನಿನ್ನ ಪಿಎಚ್‌ಡಿ ವಿಷಯದ ಬಗ್ಗೆ "ಇಂಗ್ಲೆಂಡಿನ ಲ್ಯಾಂಕಶೈರ್ ಬಟ್ಟೆ ಗಿರಣಿ ಹೆಂಗಸರ ಕೂಲಿ ಲೆಕ್ಕ ಯಾರಿಗೆ ಬೇಕು" ಅಂತ ಕೊರಗಿದ್ದೀಯಲ್ಲ, ಅದಕ್ಕೇ ಈ ಪತ್ರ. ಆ ಫೆಲೋಶಿಪ್ ಯಾರ ಹೆಸರಿನಲ್ಲಿದೆ ನೋಡು. ಐಲೀನ್ ಪವರ್ ಎಂಬ ಇತಿಹಾಸಕಾರ್ತಿ. 1926ರಲ್ಲಿ ಆ ಸೊಸೈಟಿ ಕಟ್ಟಿದವರಲ್ಲಿ ಒಬ್ಬರು. 1924ರ ಅವರ ಪುಸ್ತಕದಲ್ಲಿ ಬೋಡೋ ಎಂಬ ರೈತ ಬರುತ್ತಾನೆ. ಸುಮಾರು 1200 ವರ್ಷದ ಹಿಂದೆ ಪ್ಯಾರಿಸ್ ಹತ್ತಿರದ ಒಂದು ಮಠದ ಜಮೀನು ಮಾಡುತ್ತಿದ್ದವನು. ಅವನ ಬಗ್ಗೆ ಉಳಿದಿರುವುದು ಮಠದ ಲೆಕ್ಕದ ಪುಸ್ತಕದ ಕೆಲವು ಸಾಲು, ಅಷ್ಟೇ. ಹೆಂಡತಿ ಎರ್ಮೆಂಟ್ರೂಡ್, ಮೂರು ಮಕ್ಕಳು. ಕಾಡಿನಲ್ಲಿ ಹಂದಿ ಮೇಯಿಸುವುದಕ್ಕೆ ವೈನ್ ಕೊಡಬೇಕು. ಮೂರು ವರ್ಷಕ್ಕೊಮ್ಮೆ ಬೇಲಿಗೆ 100 ಹಲಗೆ. ಮೇಲೆ 3 ಕೋಳಿ, 15 ಮೊಟ್ಟೆ. ಪವರ್ ಇಷ್ಟನ್ನೇ ಹಿಡಿದು ಆ ಮನೆಯವರ ಒಂದು ದಿನವನ್ನು ಕಣ್ಣಿಗೆ ಕಟ್ಟುವ ಹಾಗೆ ಬರೆದರು. ಆಗ ಆ ನಾಡನ್ನು ಆಳುತ್ತಿದ್ದ ಚಕ್ರವರ್ತಿ ಷಾರ್ಲಮೇನ್‌ಗೆ ಅಲ್ಲಿ ಪಕ್ಕದ ಪಾತ್ರ. ಈಗ ಹೇಳು, ನಿನ್ನ ಕೂಲಿ ಪುಸ್ತಕ ಸಣ್ಣದಾ?

ಪವರ್ ಅವರ ಬದುಕೂ ಸಲೀಸಾಗಿರಲಿಲ್ಲ. ಓದಿದ್ದು ಕೇಂಬ್ರಿಜ್‌ನ ಗರ್ಟನ್ ಕಾಲೇಜಿನಲ್ಲಿ. ಆದರೆ ಹೆಂಗಸರಿಗೆ ಕೇಂಬ್ರಿಜ್ ಪೂರ್ತಿ ಪದವಿ ಕೊಡಲು ಶುರುಮಾಡಿದ್ದೇ 1948ರಲ್ಲಿ. 1931ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಪ್ರೊಫೆಸರ್ ಆದರು. 1940ರಲ್ಲಿ ತೀರಿಕೊಂಡಾಗ ಬರೀ 51. ಉಣ್ಣೆ ವ್ಯಾಪಾರದ ಬಗ್ಗೆ ಕೊಟ್ಟ ಉಪನ್ಯಾಸಗಳು ಪುಸ್ತಕವಾಗಿದ್ದು ಮರುವರ್ಷ. ಶಿಷ್ಯನಾಗಿದ್ದು ಆಮೇಲೆ ಗಂಡನಾದ ಪೋಸ್ಟನ್ ಹೆಸರಿನಲ್ಲೂ ಒಂದು ಫೆಲೋಶಿಪ್ ಇದೆ, ಇತಿಹಾಸಕಾರ ಆರ್. ಎಚ್. ಟಾನಿ ಹೆಸರಿನಲ್ಲಿ ಇನ್ನೊಂದು. (ಟಾನಿ ಹುಟ್ಟಿದ್ದು ಕಲ್ಕತ್ತಾದಲ್ಲಿ, ಗೊತ್ತಾ? ಕಥಾಸರಿತ್ಸಾಗರವನ್ನು ಇಂಗ್ಲಿಷಿಗೆ ತಂದವರು ಇವರ ಅಪ್ಪ.)

ಸತ್ತವರ ನೆನಪಿಗೆ ಪದಕ ಕೊಡುವುದರಲ್ಲಿ ನನಗೆ ಅಂಥ ಆಸಕ್ತಿಯಿಲ್ಲ. ಅದು ಗೆದ್ದವರಿಗೆ ಇನ್ನೊಂದು ಹಾರ. ಈ ಫೆಲೋಶಿಪ್ಪಿನ ಹಾಗೆ ಪುರುಸೊತ್ತು ಕೊಡುವುದು ಬೇರೆ ಮಾತು. ನಿಮ್ಮ ಆರ್ಥಿಕ ಇತಿಹಾಸದವರ ಗೋಳು ನಿನಗೇ ಗೊತ್ತಲ್ಲ. ಅರ್ಥಶಾಸ್ತ್ರದವರು ಸಮೀಕರಣ ಎಲ್ಲಿ ಅನ್ನುತ್ತಾರೆ, ಇತಿಹಾಸದವರು ಕೋಷ್ಟಕ ಕಂಡರೆ ಪುಟ ಮಗುಚುತ್ತಾರೆ. ಎರಡೂ ಕಡೆ ಸಲ್ಲದೆ ಕೆಲಸಕ್ಕೆ ಅಲೆಯುವ ಹೊತ್ತಿನಲ್ಲೇ ಪ್ರಬಂಧವನ್ನು ಪುಸ್ತಕ ಮಾಡಬೇಕು. ವಾರಕ್ಕೆ ಹದಿನೆಂಟು ಗಂಟೆ ಪಾಠ ಮಾಡಿ ಅದು ಆಗುತ್ತಾ? ಪರೀಕ್ಷಕರನ್ನು ಮೆಚ್ಚಿಸಲು ಬರೆದ ಅಧ್ಯಾಯಗಳನ್ನು ಕಿತ್ತು ಹಾಕುವುದಕ್ಕೇ ಆರು ತಿಂಗಳು ಬೇಕು.

ಅರ್ಜಿಯ ಮೊದಲ ಪುಟದಲ್ಲಿ ಸಿದ್ಧಾಂತ ಸುರಿಯಬೇಡ. ತಡವಾಗಿ ಬಂದಳು ಅಂತ ದಂಡ ಕಟ್ಟಿದ ಒಬ್ಬಳು ನೇಕಾರಳನ್ನು ಲೆಕ್ಕದ ಪುಸ್ತಕದಿಂದ ಎತ್ತಿಕೋ. ಆ ವಾರ ಅವಳ ಕೈಗೆ ಎಷ್ಟು ಬಂತು, ಎಷ್ಟು ಮುರಿದುಕೊಂಡರು ಅಂತ ಬರೆ. ಇಡೀ ಊರಿನ ಕೂಲಿ ಆಮೇಲೆ ಬರಲಿ.

ಕರಡು ನನಗೆ ಕಳಿಸು. ಗೈಡ್‌ಗೆ ಈಗಲೇ ಒಂದು ಮಾತು ಹೇಳಿಡು. ಕೊನೇ ದಿನ ಶಿಫಾರಸು ಪತ್ರ ಕೇಳಿದರೆ ಯಾರೂ ಮನಸ್ಸಿಟ್ಟು ಬರೆಯುವುದಿಲ್ಲ.

ನಿನ್ನ ಗೆಳೆಯ